ಡನ್ಲಿನ್ ಕಾರಿನ ಎಡಗಡೆ ಸೀಟು

ವಿಲ್ಫ್ ಥರ್ಟಲ್‌ನಂಥ ದಢೂತಿ ಮನುಷ್ಯ ಅಂಥ ಹಗುರ ಕಾರು ಮಾಡುವ ಕೆಲಸಕ್ಕೆ ಸೇರಿದ್ದೇ ಒಂದು ತಮಾಷೆ. ನಮ್ಮ ನಾರ್ಫೋಕ್ ಸೀಮೆಯಲ್ಲಿ, ಯುದ್ಧ ಮುಗಿದ ಮೇಲೆ ಸೈನ್ಯದವರು ಬಿಟ್ಟುಹೋದ ವಿಮಾನದ ಮೈದಾನದ ಪಕ್ಕ, ಹಳೇ ಕೋಳಿಫಾರಮ್ಮಿನ ಶೆಡ್ಡಿನಲ್ಲಿ ಆ ಕಾರ್ಖಾನೆ ಇತ್ತು. ಕಾರಿಗೆ ಡನ್ಲಿನ್ ಅಂತ ಹೆಸರು. ಡನ್ಲಿನ್ ಅಂದರೆ ಜೌಗು ದಂಡೆಯಲ್ಲಿ ಓಡಾಡುವ ಹಕ್ಕಿ. ಒಂದು ಕೋಳಿಮೊಟ್ಟೆಯಷ್ಟೂ ತೂಗುವುದಿಲ್ಲ. ವಿಲ್ಫ್ ಬಾಗಿಲಲ್ಲಿ ಬಂದು ನಿಂತರೆ ಶೆಡ್ಡಿನೊಳಗೆ ಬೆಳಕು ಕಮ್ಮಿಯಾಗುತ್ತಿತ್ತು.

ಅವನ ಕೆಲಸ ತೂತು ಕೊರೆಯುವುದು. ಲೋಹ ಎಲ್ಲಿ ಬೇಕೋ ಅಲ್ಲಿ ಬಿಟ್ಟು, ಬೇಡದ ಕಡೆ ತೆಗೆದುಹಾಕಬೇಕು. ಒಂದು ತೂತು ಹೆಚ್ಚಾದರೆ ಭಾಗ ಮುರಿಯುತ್ತದೆ, ಒಂದು ಕಮ್ಮಿಯಾದರೆ ಬೈಗುಳ ಬೀಳುತ್ತದೆ. ಪೆಡಲು, ಹ್ಯಾಂಡ್‌ಬ್ರೇಕಿನ ಹಿಡಿ, ಬಾಗಿಲ ಕೀಲು ಎಲ್ಲವೂ ಅವನ ಕೈಯಲ್ಲಿ ಜರಡಿಯಾದವು. ಆಡು ಮುಟ್ಟದ ಸೊಪ್ಪಿಲ್ಲ, ವಿಲ್ಫ್ ತೂತು ಹಾಕದ ತಗಡಿಲ್ಲ. ಚಟ ಮನೆಗೂ ಅಂಟಿತ್ತು. ಹೆಂಡತಿ ಮೇವಿಸ್ ವ್ಯಾನಿನಲ್ಲಿ ಊರೂರಿಗೆ ಹೋಗಿ ಏಡಿ ಮಾರುವವಳು. ಒಂದು ಭಾನುವಾರ ಅವಳ ಸೌಟಿನ ಹಿಡಿಗೆ ಸಾಲಾಗಿ ತೂತು ಕೊರೆದಿಟ್ಟ.

"ಸೌಟಿಗೆ ಯಾಕೋ ತೂತು? ಅದೇನು ರೇಸಿಗೆ ಹೋಗುತ್ತಾ?" ಅಂದಳು ಮೇವಿಸ್. "ಮೊದ್ಲು ನಿನ್ನ ಹೊಟ್ಟೆಗೆ ಒಂದು ಕೊರ್ಕೋ. ಅಲ್ಲಿದೆ ತೆಗೆಯೋ ಅಂಥ ಮಾಲು."

ಕಾರ್ಖಾನೆಯ ಯಜಮಾನ ಕ್ಲೆಮೆಂಟ್ ರಸ್ಟನ್‌ದು ಒಂದು ಪದ್ಧತಿ ಇತ್ತು. ಯಾವ ಭಾಗ ತಂದುಕೊಟ್ಟರೂ ಅಂಗೈ ಮೇಲಿಟ್ಟುಕೊಂಡು ಕಣ್ಣು ಮುಚ್ಚಿ, ತಂದವನನ್ನೇ ಕೇಳುತ್ತಿದ್ದ: "ಇದಿಲ್ದೆ ಹೋದ್ರೆ ಗಾಡಿ ಓಡುತ್ತಾ?" ಓಡುತ್ತದೆ ಅಂದರೆ ಆ ಭಾಗ ಮೂಲೆಯ ಬಕೆಟ್ಟಿಗೆ ಬೀಳುತ್ತಿತ್ತು. ಸುಳ್ಳು ಹೇಳುವ ಹಾಗಿರಲಿಲ್ಲ. ಗಡಿಯಾರ, ಕಾಲಡಿಯ ಚಾಪೆ, ಬಿಸಿಗಾಳಿ ಪೆಟ್ಟಿಗೆ ಎಲ್ಲ ಹಾಗೇ ಹೋದವು. ಹಾರನ್ನೂ ಹೋಯಿತು. ಬಕೆಟ್ಟು ತುಂಬಿದ ದಿನ ಯಜಮಾನ ಎಲ್ಲರನ್ನೂ ಪಬ್ಬಿಗೆ ಕರೆದೊಯ್ದು ಬಿಯರು ಕುಡಿಸುತ್ತಿದ್ದ.

ರಸ್ತೆಯ ಡನ್ಲಿನ್ ಹೀಗೆ ಹೆಸರು ಮಾಡಿದ ಮೇಲೆ ರಸ್ಟನ್‌ಗೆ ಪಂದ್ಯಕ್ಕೆಂದೇ ಒಂದು ಮಾಡುವ ಹುಚ್ಚು ಹತ್ತಿತು. ಅಂಥವು ಆಗಿದ್ದು ಬೆರಳೆಣಿಕೆಯಷ್ಟೇ. ಮೊದಲನೆಯದನ್ನು ಲೆಸ್ಲಿ ಎನ್ನುವ ಚಾಲಕ ಹಳೇ ರನ್‌ವೇ ಮೇಲೆ ಓಡಿಸಿ ನೋಡಿದ ದಿನ ಶೆಡ್ಡಿನಲ್ಲಿ ಎಲ್ಲರೂ ಕೆಲಸ ನಿಲ್ಲಿಸಿ ಕಿವಿಗೊಟ್ಟರು. ಮೈದಾನದ ಆ ತುದಿಯಲ್ಲಿ ಬೀಟ್‌ಗೆಡ್ಡೆ ಬೆಳೆಯುವ ಹೊಲದ ಪಕ್ಕ ಒಂದು ಉದ್ದನೆಯ ತಿರುವಿತ್ತು. ಅಲ್ಲಿ ಯಾವ ಕಾರಾದರೂ ಒಮ್ಮೆ ಸದ್ದು ತಗ್ಗಿಸಲೇಬೇಕು; ಚಾಲಕ ಕಾಲು ಎತ್ತುತ್ತಾನೆ, ಆಮೇಲೆ ಮತ್ತೆ ಒತ್ತುತ್ತಾನೆ. ಈ ಡನ್ಲಿನ್ ತಗ್ಗಿಸಲಿಲ್ಲ. ಹೊಕ್ಕ ಸದ್ದಿನಲ್ಲೇ ಹೊರಬಂತು, ಎಳೆ ಕಡಿಯದ ಹಾಗೆ.

ವಿಲ್ಫ್‌ಗೆ ಅಂದಿನಿಂದ ಒಂದೇ ಆಸೆ. ರಸ್ತೆಯ ಡನ್ಲಿನ್‌ನಲ್ಲಿ ಅವನು ಪಬ್ಬಿಗೆ ಹೋಗಿಬಂದವನೇ, ಅದು ಲೆಕ್ಕಕ್ಕಿಲ್ಲ. ಇದರಲ್ಲಿ ಕೂತು ಒಮ್ಮೆ ಆ ತಿರುವು ದಾಟಬೇಕು, ಅಷ್ಟೇ. ಬಾಯಿಬಿಟ್ಟು ಕೇಳಲು ನಾಚಿಕೆ. ಲೆಸ್ಲಿಯೇ ಅವನ ಮುಖ ನೋಡಿ ಅರ್ಥ ಮಾಡಿಕೊಂಡ.

"ಶನಿವಾರ ಬಾರೋ, ಎಡಗಡೆ ಕೂರು. ಒಂದು ಸುತ್ತು ಹಾಕ್ಸ್ತೀನಿ," ಅಂದ. "ತಿಂಡಿ ತಿಂದ್ಕೊಂಡು ಬರಬೇಡ, ಅಷ್ಟು ಉಪಕಾರ ಮಾಡು."

ಶುಕ್ರವಾರ ಯಜಮಾನ ಎಡಗಡೆಯ ಸೀಟು ಬಿಚ್ಚಿಸಿ, ಅದರ ಕಾಲುಗಳನ್ನು ವಿಲ್ಫ್ ಕೈಯಿಂದಲೇ ತರಿಸಿ, ಅಂಗೈ ಮೇಲಿಟ್ಟುಕೊಂಡು ಕಣ್ಣು ಮುಚ್ಚಿದ.

"ಇದಿಲ್ದೆ ಹೋದ್ರೆ ಗಾಡಿ ಓಡುತ್ತಾ, ವಿಲ್ಫ್?"

ಶೆಡ್ಡಿನಲ್ಲಿ ಇದ್ದವರಿಗೆಲ್ಲ ಶನಿವಾರದ ವಿಷಯ ಗೊತ್ತಿತ್ತು. ಬೇರೆ ಯಾರಾದರೂ ಆಗಿದ್ದರೆ ಒಂದು ದಿನದ ಮಟ್ಟಿಗೆ ಏನಾದರೂ ಗೊಣಗಿ ಜಾರಿಕೊಳ್ಳುತ್ತಿದ್ದರು. ವಿಲ್ಫ್ ಟೋಪಿ ತೆಗೆದು ತಲೆ ಕೆರೆದುಕೊಂಡ.

"ಓಡುತ್ತೆ ಯಜಮಾನ್ರೇ. ಚೆನ್ನಾಗೇ ಓಡುತ್ತೆ."

ಬಕೆಟ್ಟಿನಲ್ಲಿ ಟಣ್ ಅಂತು. ಸೀಟಿದ್ದ ಜಾಗಕ್ಕೆ ಕಾಗದದಷ್ಟು ತೆಳು ತಗಡು ಮುಚ್ಚಿ ಸುತ್ತ ರಿವೆಟ್ ಹೊಡೆದವನೂ ವಿಲ್ಫೇ. ಕೆಲಸ ಎಷ್ಟು ನಾಜೂಕಾಗಿತ್ತೆಂದರೆ ಯಜಮಾನ ಬೆನ್ನು ತಟ್ಟಿದ. ಲೆಸ್ಲಿ ಬಂದು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ. "ಲೋ ಪೆದ್ದೇ, ಕೈಯಾರೆ ಮುಚ್ಕೊಂಡ್ಯಲ್ಲೋ! ನಾಳೆ ಏನು ಬಾನೆಟ್ ಮೇಲೆ ಕೂತ್ಕೋತೀಯಾ?" ವಿಲ್ಫೂ ನಕ್ಕ. ಮನೆಗೆ ಹೋದವನು ಮಾತ್ರ ರಾತ್ರಿಯ ಊಟ ಬಿಟ್ಟ. ಅವನು ಊಟ ಬಿಟ್ಟಿದ್ದು ಮೇವಿಸ್ ಕಂಡದ್ದು ಅದೊಂದೇ ಸಲ.

ಕಾರು ಗೆದ್ದಿತು, ಪತ್ರಿಕೆಗಳಲ್ಲಿ ಬಂತು. ಆಮೇಲೆ ರಸ್ಟನ್ ತೀರಿಕೊಂಡ, ಕಾರ್ಖಾನೆ ಮುಚ್ಚಿತು, ಶೆಡ್ಡಿಗೆ ಮತ್ತೆ ಕೋಳಿಗಳು ಬಂದವು. ವಿಲ್ಫ್ ಟ್ರ್ಯಾಕ್ಟರ್ ರಿಪೇರಿಯವರ ಹತ್ತಿರ ಸೇರಿದ. ಅಲ್ಲಿ ನೇಗಿಲು ಮಣ್ಣಿನಿಂದ ಮೇಲೇಳದಿರಲೆಂದು ಅದರ ಮೇಲೆ ಭಾರದ ಕಬ್ಬಿಣ ಬೆಸೆಯುವ ಕೆಲಸ. ಹಣೆಬರಹಕ್ಕೂ ಹಾಸ್ಯ ಗೊತ್ತು ಅನ್ನುವುದು ಇದಕ್ಕೇ.

ಅವನಿಗೆ ಮೊಣಕಾಲು ನೋವು ಬಂದು ಎಷ್ಟೋ ಕಾಲವಾದ ಮೇಲೆ, ಡನ್ಲಿನ್ ಅಭಿಮಾನಿಗಳ ಸಂಘದವರು ಅದೇ ಮೈದಾನದಲ್ಲಿ ಎರಡು ದಿನದ ಕೂಟ ಇಟ್ಟುಕೊಂಡರು. ಪಂದ್ಯದ ಡನ್ಲಿನ್‌ಗಳಲ್ಲಿ ಓಡುವ ಸ್ಥಿತಿಯಲ್ಲಿ ಉಳಿದಿದ್ದದ್ದು ಆ ಮೊದಲನೆಯದೊಂದೇ. ಅದರ ಒಡತಿ ರೊವೀನಾ ಹಾರ್ಬರ್ಡ್, ನ್ಯೂಮಾರ್ಕೆಟ್ ಊರಿನ ರೇಸ್ ಕುದುರೆಗಳ ಡಾಕ್ಟರು, ಗಟ್ಟಿ ದನಿಯ ಹೆಂಗಸು. ವಿಲ್ಫ್ ಕಾರಿನ ಎಡಗಡೆ ಬಗ್ಗಿ, ತನ್ನ ರಿವೆಟ್‌ಗಳನ್ನು ಒಂದೊಂದಾಗಿ ಮುಟ್ಟುತ್ತ ನಿಂತದ್ದನ್ನು ಆಕೆ ಕಂಡಳು.

"ಇದನ್ನ ಮಾಡಿದವರು ನೀವೇ ಅಂತೆ. ಒಳಗೆ ಕೂತಿದ್ದೀರಾ ಯಾವಾಗ್ಲಾದ್ರೂ?"

"ಎಲ್ಲಿ ಕೂರ್ಲಿ ಮೇಡಂ? ಜಾಗ ಮುಚ್ಚಿದ್ದು ನಾನೇ."

ಪಕ್ಕದಲ್ಲಿದ್ದ ಮೇವಿಸ್ ಸುಮ್ಮನಿರಲಾರದೆ ಶನಿವಾರದ ಕಥೆಯನ್ನು ಪೂರಾ ಹೇಳಿಬಿಟ್ಟಳು. ಕೇಳಿದ ರೊವೀನಾ, "ಹಾಗಾದ್ರೆ ತಗಡು ಬಿಚ್ಚೋಣ. ನಾಳೆ ಬೆಳಿಗ್ಗೆ ನಿಮ್ಮನ್ನ ಕೂರಿಸ್ಕೊಂಡು ಹೋಗ್ತೀನಿ," ಅಂದಳು.

ದೇವರು ಕೊಟ್ಟರೂ ಪೂಜಾರಿ ಕೊಡ. ಸಂಘದ ಕಾರ್ಯದರ್ಶಿ ಆಂಬ್ರೋಸ್ ಓಡೋಡಿ ಬಂದ. "ಸಾಧ್ಯವೇ ಇಲ್ಲ! ಆ ತಗಡು ಮೂಲದ್ದು. ಒಂದು ರಿವೆಟ್ ತೆಗೆದ್ರೂ ಕಾರಿನ ಚರಿತ್ರೆ ಹಾಳಾಗುತ್ತೆ."

ಆಂಬ್ರೋಸ್ ಹೇಳುವುದು ನ್ಯಾಯ ಅಂತ ವಿಲ್ಫ್‌ಗೂ ಗೊತ್ತು. ಆದರೆ ಆಸೆಗೆ ನ್ಯಾಯ ಎಲ್ಲಿ ಕೇಳಿಸುತ್ತದೆ? "ನೀವಂದಿದ್ದು ಸರೀನೇ ಸ್ವಾಮಿ," ಅಂದ. "ಆದ್ರೆ ನಾನೂ ಮೂಲದವನೇ. ಹೊಡೆದ ಕೈಯೇ ಬಿಚ್ಚಿದ್ರೆ ಚರಿತ್ರೆ ಏನೂ ಅನ್ಕೊಳ್ಳಲ್ಲ ಬಿಡಿ."

ಆಂಬ್ರೋಸ್‌ಗೂ ನಗು ತಡೆಯಲಾಗಲಿಲ್ಲ. ಕೊನೆಗೆ ತನ್ನದೇ ರಸ್ತೆಯ ಡನ್ಲಿನ್‌ನ ಸೀಟನ್ನು ಬಿಚ್ಚಿ ಕೊಟ್ಟವನೂ ಅವನೇ.

ಮರುದಿನ ವಿಲ್ಫ್‌ನನ್ನು ಕಾರಿನೊಳಗೆ ಇಳಿಸುವುದೇ ಒಂದು ಸಂಭ್ರಮವಾಯಿತು. ಇಬ್ಬರು ತೋಳು ಹಿಡಿದರು, ರೊವೀನಾ ಕುದುರೆಯನ್ನು ಲಾಯಕ್ಕೆ ತಳ್ಳುವ ಹಾಗೆ ಹೆಗಲು ಕೊಟ್ಟು ತಳ್ಳಿದಳು. ತಲೆಗೆ ಹೆಲ್ಮೆಟ್ಟು ಹಿಡಿಸಿತು, ಪುಣ್ಯಕ್ಕೆ. ಅವನು ಕೂತಾಗ ಕಾರು ಎಡಕ್ಕೆ ಬಗ್ಗಿತು. ಮೇವಿಸ್ ವ್ಯಾನಿನ ಹತ್ತಿರ ಫ್ಲಾಸ್ಕು ಹಿಡಿದು ನಿಂತಿದ್ದಳು. ಅವನು ಅವಳತ್ತ ಕೈಬೀಸಿದ, ಜಾತ್ರೆಯ ತೊಟ್ಟಿಲಲ್ಲಿ ಕೂತ ಮಗುವಿನ ಹಾಗೆ.

ಕಾರು ಹೊರಟಿತು. ಗಾಳಿ ಮುಖಕ್ಕೆ ಹೊಡೆಯಿತು, ಬೆನ್ನ ಹಿಂದೆ ಇಂಜಿನ್ನು ಗದರಿತು, ಕಾಲಡಿಯ ಕಾಂಕ್ರೀಟು ಪಟ್ಟಿಪಟ್ಟಿಯಾಗಿ ಹಿಂದಕ್ಕೆ ಓಡಿತು. ವಿಲ್ಫ್‌ಗೆ ಕಣ್ಣಲ್ಲಿ ನೀರು. ಗಾಳಿಗೆ ಬಂದದ್ದಲ್ಲ; ಅವನಿಗೆ ಸಂತೋಷವಾಗಿತ್ತು, ಬರಿಯ ಸಂತೋಷ. ಬೀಟ್ ಹೊಲ ಕಂಡಿತು, ತಿರುವು ಬಂತು.

ಸದ್ದು ತಗ್ಗಿತು.

ರೊವೀನಾ ಕಾಲು ಎತ್ತಿದ್ದಳು. ಕಾರು ಹೊರಗಡೆಗೆ ಜಾರಲು ನೋಡಿ, ತಡವರಿಸಿ, ಮತ್ತೆ ದಾರಿ ಹಿಡಿಯಿತು. ಬೇರೆ ಕಾರುಗಳ ಹಾಗೆಯೇ.

"ನಿಲ್ಸಿ ಮೇಡಂ," ಅಂತ ವಿಲ್ಫ್ ಕೂಗಿದ.

ಅವಳು ಗಾಬರಿಯಿಂದ ಪಕ್ಕಕ್ಕೆ ತಂದು ನಿಲ್ಲಿಸಿದಳು. "ಏನಾಯ್ತು? ಎದೆ ನೋವಾ? ಕಾರಲ್ಲಿ ಏನಾದ್ರೂ ಕೆಟ್ಟಿದೆಯಾ?"

"ಹೂಂ. ನಾನಿದೀನಲ್ಲ ಇದ್ರಲ್ಲಿ."

"ಅಯ್ಯೋ, ಒಂದು ಸುತ್ತಿಗೆ ಏನಾಗುತ್ತೆ? ಎಷ್ಟು ವರ್ಷ ಕಾದಿದ್ದೀರಿ! ಕೂತಿರಿ."

"ಯಜಮಾನ್ರು ಅವತ್ತು ಕೇಳಿದ್ದಕ್ಕೆ ಓಡುತ್ತೆ ಅಂದಿದ್ದೆ," ಅಂದ ವಿಲ್ಫ್, ಬೆಲ್ಟು ಬಿಚ್ಚುತ್ತ. "ಇವತ್ತೂ ಅದೇ ಮಾತು. ನನ್ನ ಇಳ್ಸಿ, ಹೋಗಿ. ಈ ತಿರುವಲ್ಲಿ ಕಾಲು ಎತ್ತಬೇಡಿ."

ಇಳಿಯಲು ಹತ್ತುವುದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ಅವಳು ಹೋದಳು. ವಿಲ್ಫ್ ಬೀಟ್ ಹೊಲದ ಬದುವಿನ ಮೇಲೆ ಮೊಣಕಾಲು ತಿಕ್ಕಿಕೊಳ್ಳುತ್ತ ನಿಂತ. ಮೈದಾನದ ಆ ಕಡೆ ಸದ್ದು ಸಣ್ಣದಾಗಿ, ತಿರುಗಿ, ದೊಡ್ಡದಾಗುತ್ತ ಬಂತು. ಇಷ್ಟು ಹತ್ತಿರದಿಂದ ಅವನು ಅದನ್ನು ಎಂದೂ ಕೇಳಿದವನಲ್ಲ. ಅವನ ಕಿವಿಗೆ ಬಿದ್ದದ್ದೆಲ್ಲ ಶೆಡ್ಡಿನಿಂದ. ಡನ್ಲಿನ್ ತಿರುವು ಹೊಕ್ಕಿತು, ಅವನ ಮುಂದೆಯೇ ಹಾದುಹೋಯಿತು, ಹೊರಬಿತ್ತು. ಎಳೆ ಕಡಿಯಲಿಲ್ಲ. ವಿಲ್ಫ್ ಹೆಲ್ಮೆಟ್ಟು ತೆಗೆದು ಎದೆಗೆ ಹಿಡಿದುಕೊಂಡು ದೊಡ್ಡ ದನಿಯಲ್ಲಿ ಅತ್ತುಬಿಟ್ಟ. ಅಲ್ಲಿ ಕೇಳುವವರು ಯಾರೂ ಇರಲಿಲ್ಲ.

ಸ್ವಲ್ಪ ಹೊತ್ತಿಗೆ ಏಡಿಯ ವ್ಯಾನು ರನ್‌ವೇ ಮೇಲೆ ಗಡಗಡನೆ ಬಂತು. ಮೇವಿಸ್‌ಳ ಮುಖ ಬಿಳಿಚಿಕೊಂಡಿತ್ತು.

"ಆಯಮ್ಮ ಒಬ್ಳೇ ಬಂದಿದ್ದು ನೋಡಿ ನನ್ನ ಎದೆ ಧಸಕ್ಕಂತು! ಎಲ್ಲೋ ಉದುರಿ ಬಿದ್ದಿದ್ದಾನೆ ಅಂದ್ಕೊಂಡೆ."

"ಇಳಿದೆ ಕಣೇ."

"ಜೀವಮಾನ ಪೂರ್ತಿ ಕಾದಿದ್ದು ಅರ್ಧ ದಾರೀಲಿ ಇಳಿಯೋಕಾ?"

"ನಾನಿಲ್ದೆ ಚೆನ್ನಾಗಿ ಓಡುತ್ತೆ ಅದು. ಕೇಳಿಸ್ತಾ ನಿಂಗೆ?"

ಮೇವಿಸ್ ಒಳಗಿಂದಲೇ ಬಗ್ಗಿ ಎಡಗಡೆಯ ಬಾಗಿಲು ತೆರೆದಳು, ಸೀಟಿನ ಮೇಲಿದ್ದ ಏಡಿ ಬುಟ್ಟಿಯನ್ನು ಹಿಂದಕ್ಕೆ ಎಸೆದಳು. ವಿಲ್ಫ್ ಹತ್ತಿ ಕೂತ. ಸ್ಪ್ರಿಂಗು ಕಿರುಗುಟ್ಟಿತು, ವ್ಯಾನು ಎಂದಿನಂತೆ ಎಡಕ್ಕೆ ವಾಲಿತು.

"ನೀನಿಲ್ದೆ ಹೋದ್ರೆ ಇದೂ ಚೆನ್ನಾಗೇ ಓಡುತ್ತೆ," ಅಂದಳು ಮೇವಿಸ್, ಗೇರು ಹಾಕುತ್ತ. "ನಾನು ಓಡ್ಸಲ್ಲ, ಅಷ್ಟೇ. ಬಾಗ್ಲು ಸರಿಯಾಗಿ ಹಾಕು."