ಹೆಸರು ಹೇಳಲಿಲ್ಲವಲ್ಲ

ತೊಂಬತ್ತರ ದಶಕದ ಕೊನೆಯಲ್ಲಿ, ರಾಮಕೃಷ್ಣನಗರದ ನಮ್ಮ ಮನೆಯ ಮುಂದಿನ ಕೋಣೆಯಲ್ಲೇ ನಾನು ಆಪ್ತಸಮಾಲೋಚನೆ ಮಾಡುತ್ತಿದ್ದೆ. ಬಂದವರು ಹೇಳಿದ್ದು ಆ ಕೋಣೆ ದಾಟುತ್ತಿರಲಿಲ್ಲ. ಅವರ ಫೈಲುಗಳಿದ್ದ ಬೀರುವಿನ ಬೀಗದ ಕೈ ಸದಾ ನನ್ನ ಸೊಂಟದಲ್ಲಿ. ಗಂಡ ಕೇಳಿದರೂ ಬಾಯಿ ಬಿಡುತ್ತಿರಲಿಲ್ಲ. ಆ ಬಗ್ಗೆ ಜಂಬವೂ ಇತ್ತು, ಸುಳ್ಳೇಕೆ ಹೇಳಲಿ.

ಮಗಳು ಎಂಟನೇ ಕ್ಲಾಸಿನಲ್ಲಿ ಗಣಿತದಲ್ಲಿ ಫೇಲಾಗಿ, ಮಾರ್ಕ್ಸ್ ಕಾರ್ಡಿಗೆ ಅಪ್ಪನ ಸಹಿಯನ್ನು ತಾನೇ ಹಾಕಿಬಿಟ್ಟಿದ್ದಳು. ಒಂದು ದಿನ ತಡೆಯಲಾರದೆ ಅಡುಗೆಮನೆಗೆ ಬಂದಳು. ನಾನು ಅವರೆಕಾಳು ಹಿದುಕುತ್ತಿದ್ದೆ. ಪಕ್ಕದಲ್ಲಿ ಕೂತು, ತಾನೂ ಒಂದೊಂದೇ ಕಾಳು ಹಿದುಕುತ್ತಾ, ಅಳುತ್ತಾ ಎಲ್ಲ ಹೇಳಿದಳು. ನಾನು ಬೈಯಲಿಲ್ಲ.

ಮುಂದಿನ ತಿಂಗಳು ಅವಳ ಸ್ಕೂಲಿನವರೇ ಪೋಷಕರ ಸಭೆಗೆ ನನ್ನನ್ನು ಭಾಷಣಕ್ಕೆ ಕರೆದರು. ಎದುರಿಗಿದ್ದವರು ಆಕಳಿಸತೊಡಗಿದ್ದರು. "ಒಬ್ಬ ಹುಡುಗಿ ಇದ್ದಾಳೆ" ಎಂದು ಶುರುಮಾಡಿ ಗಣಿತ, ಸಹಿ, ಅವರೆಕಾಳು ಎಲ್ಲವನ್ನೂ ಹೇಳಿಬಿಟ್ಟೆ. ಚಪ್ಪಾಳೆಯೋ ಚಪ್ಪಾಳೆ! ಅವಳು ಸಹಿ ಹಾಕಿದ್ದನ್ನು ಪಕ್ಕದ ಬೆಂಚಿನವಳು ನೋಡಿದ್ದಳಂತೆ; ಸಭೆಗೆ ಬಂದಿದ್ದ ಅವಳಮ್ಮ ಮನೆಯಲ್ಲಿ ಈ ಕಥೆ ಹೇಳಿದಾಗ ಹುಡುಗಿ ಯಾರೆಂದು ಅವಳಿಗೆ ಗೊತ್ತಾಗಿಹೋಯಿತು. ಮಾರನೆಯ ದಿನ ಇಡೀ ಕ್ಲಾಸು ನನ್ನ ಮಗಳನ್ನು "ಅವರೆಕಾಳು" ಎಂದು ಕರೆಯಿತು.

ಸಂಜೆ ಅಳುತ್ತಾ ಮನೆಗೆ ಬಂದವಳಿಗೆ, "ಹೆಸರು ಹೇಳಲಿಲ್ವಲ್ಲೇ" ಎಂದೆ.

"ನಿನ್ ಹತ್ರ ಬರೋರ ಮಾತಿಗೆ ಬೀಗ ಹಾಕ್ತೀಯ. ನಾನು ಅಡುಗೆಮನೇಲಿ ಹೇಳ್ದೆ ಅಂತ ಊರಿಗೆಲ್ಲ ಹೇಳ್ಬುಟ್ಯಲ್ಲಮ್ಮ!"

ತಪ್ಪು ನನ್ನದೇ, ಆದರೂ ನಾನೇ ರೇಗಿದೆ: "ಈಗೇನು, ನಿನ್ನ ಕಾಲಿಗೆ ಬೀಳ್ಬೇಕಾ?"

ಅಲ್ಲಿಂದ ಅವಳ ಮಾತು ಊಟ, ಬಸ್ಸು, ಯೂನಿಫಾರ್ಮು ಇಷ್ಟಕ್ಕೇ ನಿಂತಿತು. ಏನೇ ಆದರೂ ಇನ್ನು ನನಗೆ ಹೇಳುವುದಿಲ್ಲವಲ್ಲ ಎಂದು ಒಳಗೊಳಗೇ ಹೆದರಿದೆ.

ಎಷ್ಟೋ ತಿಂಗಳ ಮೇಲೆ ಒಂದು ಸಂಜೆ, ತಮ್ಮ ಮಗಳನ್ನು ಸಮಾಲೋಚನೆಗೆ ಕರೆತಂದಿದ್ದ ಇಲವಾಲದ ತಾಯಿಯೊಬ್ಬರು ಹೊರಡುವಾಗ ಗೇಟಿನ ಬಳಿ ನನ್ನನ್ನು ತಡೆದರು. "ಎತ್ತೋಳು ಕಣ್ರೀ ನಾನು. ಅವ್ಳು ಏನಂದ್ಲು ಅಂತ ಒಸಿ ಹೇಳ್ಬುಡಿ ಮೇಡಂ."

ಹಿಂದೆ ಆಗಿದ್ದರೆ ನಿಯಮ ಒಪ್ಪಿಸುತ್ತಿದ್ದೆ. ಆವತ್ತು, "ನಾನೂ ಹೆತ್ತೋಳೇ ಕಣಮ್ಮ. ನನ್ ಮಗಳು ನಂಬಿ ಹೇಳಿದ್ದನ್ನ ಸಭೇಲಿ ಹೇಳಿ ಅವಳ್ನ ಕಳ್ಕೊಂಡಿದೀನಿ. ನೀವು ಕಳ್ಕೋಬೇಡಿ" ಎಂದೆ. ಮೆಟ್ಟಿಲ ಮೇಲೆ ಹೋಂವರ್ಕ್ ಮಾಡುತ್ತಿದ್ದ ನನ್ನ ಮಗಳು ತಲೆ ಎತ್ತಿ ಕೇಳಿಸಿಕೊಳ್ಳುತ್ತಿದ್ದುದು ಆಮೇಲೆ ಕಂಡಿತು.

ಅವರು ಹೋದ ಮೇಲೆ ಅವಳು ನನ್ನ ಕೋಣೆಗೆ ಬಂದು ಬಾಗಿಲು ಹಾಕಿ, ಬಂದವರು ಕೂರುವ ಕುರ್ಚಿಯಲ್ಲಿ ಕೂತಳು.

"ಇಲ್ಲಿ ಹೇಳಿದ್ರೆ ಆಚೆ ಹೋಗಲ್ಲ ತಾನೆ?"

"ಇಲ್ಲಮ್ಮ" ಎಂದೆ. 

ಸಹಿಯ ಕಥೆ ಬರೆಯಲು ಮೊನ್ನೆ ಅವಳನ್ನು ಕೇಳಿದೆ, ನಕ್ಕು ಒಪ್ಪಿದಳು. ಆ ಸಂಜೆ ಹೇಳಿದ್ದನ್ನು ಬರೆಯಲೇ ಎಂದು ನಾನು ಕೇಳಲೂ ಇಲ್ಲ.