ಫ್ರಿಜ್ಜು ಒಯ್ಯಲು ಬಂದ ಆಟೋ

ಆಯುಧಪೂಜೆ ಮುಗಿದ ಮೇಲೆ ನಮ್ಮ ಮನೆಯ ಫ್ರಿಜ್ಜಿಗೆ ಏನೋ ಆಯಿತು. ಬೆಳಿಗ್ಗೆ ಇಟ್ಟ ಹಾಲು ಸಂಜೆಗೆ ಒಡೆಯುತ್ತಿತ್ತು, ದೋಸೆಹಿಟ್ಟು ಉಕ್ಕಿ ಡಬ್ಬಿಯ ಮುಚ್ಚಳ ಎತ್ತುತ್ತಿತ್ತು. ಮೋಟಾರು ಮಾತ್ರ ಬಿಡುವಿಲ್ಲದೆ ಗುರ್ ಎನ್ನುತ್ತಿತ್ತು. ನ್ಯಾಮತಿಯಲ್ಲೇ ಇರುವ ರಿಪೇರಿಯವರು ಬಂದು, ಒಳಗೆ ಕೈಯಿಟ್ಟು ನೋಡಿ, ಗ್ಯಾಸ್ ಹೋಗಿದೆ, ಹಳೇ ಮಾಲು, ಇದನ್ನು ಕೊಟ್ಟು ಹೊಸದು ತಗೊಳ್ಳಿ ಎಂದು ಹೇಳಿ ಚಹಾ ಕುಡಿದು ಹೋದರು. ನಮ್ಮ ಯಜಮಾನರು ಅಷ್ಟಕ್ಕೇ ಕಾಯುತ್ತಿದ್ದವರಂತೆ ಹೊನ್ನಾಳಿಯ ಅಂಗಡಿಯೊಂದರಲ್ಲಿ ಎಕ್ಸ್‌ಚೇಂಜ್ ಮಾತಾಡಿಬಿಟ್ಟರು. ಮಾರನೆಯ ದಿನ ಮಧ್ಯಾಹ್ನ ಲಗೇಜ್ ಆಟೋ ಬಂದು ಹಳೆಯದನ್ನು ಒಯ್ಯುವುದೆಂದು ನನ್ನನ್ನು ಕೇಳದೆಯೇ ತೀರ್ಮಾನವಾಯಿತು.

ನನಗೆ ಮೈಯೆಲ್ಲ ಉರಿಯಿತು. ಆ ಫ್ರಿಜ್ಜು ನಾನು ಊರವರ ರವಿಕೆ ಹೊಲಿದು ತಂದದ್ದು. ಈ ಮನೆಗೆ ನನ್ನ ದುಡಿಮೆಯಿಂದ ಬಂದ ಮೊದಲ ವಸ್ತು. ಅದನ್ನು ಕೊಡುವ ಮಾತನ್ನು ಬೇರೆಯವರು ಆಡುವುದೆಂದರೇನು? ಜಗಳ ಮಾಡೋಣವೆಂದರೆ ನನ್ನ ಕೈಯಲ್ಲಿದ್ದದ್ದು ಒಡೆದ ಹಾಲಿನ ಪಾತ್ರೆ. ಅದನ್ನು ಹಿಡಿದುಕೊಂಡು ಯಾವ ಬಾಯಿಂದ ವಾದ ಮಾಡಲಿ?

ಸಿಟ್ಟಿನಲ್ಲೇ ಹೊಲಿಗೆ ಮಷೀನಿನ ಮುಂದೆ ಕೂತೆ. ಅದು ಇರುವುದು ಫ್ರಿಜ್ಜಿನ ಪಕ್ಕದಲ್ಲೇ. ಪೆಡಲ್ ತುಳಿಯುತ್ತಿರುವಾಗ ಎಡಗಾಲಿನ ಬೆರಳಿಗೆ ತಣ್ಣನೆಯ ಗಾಳಿ ಸೋಕಿತು. ಕಾಲು ಆಚೆ ಸರಿಸಿದರೆ ಇಲ್ಲ, ಈಚೆ ತಂದರೆ ಇದೆ. ಗ್ಯಾಸೇ ಇಲ್ಲದ ಫ್ರಿಜ್ಜು ನನ್ನ ಕಾಲನ್ನು ಹೇಗೆ ತಣ್ಣಗೆ ಮಾಡೀತು? ರವಿಕೆ ಅಳತೆಗೆ ಕತ್ತರಿಸಿಟ್ಟಿದ್ದ ಪೇಪರಿನ ಚೂರೊಂದನ್ನು ಬಾಗಿಲಿಗೆ ಸಿಕ್ಕಿಸಿ ಎಳೆದು ನೋಡಿದೆ. ಮೇಲೆಲ್ಲ ಬಿಗಿಯಾಗಿ ಹಿಡಿಯಿತು. ಕೆಳಗೆ, ಕೀಲಿನ ಮೂಲೆಯಲ್ಲಿ, ಸಲೀಸಾಗಿ ಈಚೆ ಬಂತು.

ಮಂಡಿಯೂರಿ ಬಾಗಿಲಿನ ರಬ್ಬರನ್ನು ಬಿಡಿಸಿದರೆ ಮಡಿಕೆಯ ತುಂಬ ಹಿಂಗಾರ. ನಮ್ಮತ್ತೆ ಆಯುಧಪೂಜೆಯಲ್ಲಿ ಯಾವ ಯಂತ್ರವನ್ನೂ ಬಿಡುವವರಲ್ಲ. ಫ್ರಿಜ್ಜಿಗೂ ವಿಭೂತಿ ಬಳಿದು, ಅಡಿಕೆ ಮರದ ಹಿಂಗಾರದ ಗೊಂಚಲನ್ನು ಬಾಗಿಲ ನೆತ್ತಿಗೆ ಸಿಕ್ಕಿಸಿದ್ದರು. ಅದರ ಕಾಳಿನಂಥ ಮೊಗ್ಗುಗಳು ಉದುರಿ, ಕೀಲಿನ ಸಂದಿಯಲ್ಲಿ ಇಳಿದು, ಒಣಗಿ ಗಟ್ಟಿಯಾಗಿ ಕೂತಿದ್ದವು. ದಪ್ಪ ಸೂಜಿಯ ಹಿಂಬದಿಯಿಂದ ಅವನ್ನೆಲ್ಲ ಕೆದಕಿ ತೆಗೆದೆ. ಬಿಸಿನೀರಿನ ಬಟ್ಟೆ ಒತ್ತಿ, ಸೊಟ್ಟಗಾಗಿದ್ದ ರಬ್ಬರನ್ನು ನೆಟ್ಟಗೆ ಮಾಡಿದೆ. ಮತ್ತೆ ಪೇಪರ್ ಸಿಕ್ಕಿಸಿ ಎಳೆದರೆ ಹರಿಯಿತೇ ಹೊರತು ಬರಲಿಲ್ಲ. ಅತ್ತೆ ಹಿಂದೆಯೇ ನಿಂತಿದ್ದರು, ಮುಖ ಸಣ್ಣದಾಗಿತ್ತು. ಇದು ಯಾರ ಕೆಲಸವೆಂದು ನಾನು ಯಜಮಾನರಿಗೆ ಹೇಳಲಿಲ್ಲ.

ಬೆಳಿಗ್ಗೆ ಐಸ್ ಟ್ರೇ ಮುಟ್ಟಿದರೆ ಬೆರಳು ಅಂಟಿಕೊಂಡಿತು. ಒಬ್ಬಳೇ ನಿಂತು ನಕ್ಕೆ. ಇಡೀ ಊರಿಗೆ ಕೇಳುವಂತೆ ಕೂಗಬೇಕೆನಿಸಿತು. ಆಟೋ ಬರುವವರೆಗೆ ಯಜಮಾನರಿಗೆ ಮಾತ್ರ ಹೇಳುವುದು ಬೇಡವೆಂದುಕೊಂಡೆ.

ಮಧ್ಯಾಹ್ನ ಆಟೋ ಬಂತು. ಬಿಸಿಲಲ್ಲಿ ಬಂದ ಡ್ರೈವರಿಗೆ ಫ್ರಿಜ್ಜಿನಿಂದಲೇ ನೀರಿನ ಬಾಟಲಿ ತೆಗೆದುಕೊಟ್ಟೆ. ಅವನು ಅರ್ಧ ಕುಡಿದು ಹಲ್ಲು ಜುಮ್ಮೆಂದು ಕೆನ್ನೆ ಹಿಡಿದುಕೊಂಡ.

"ಇಷ್ಟು ತಣ್ಣಗೈತಲ್ಲಕ್ಕ, ಯಾಕೆ ಕೊಡ್ತಿದೀರಿ?"

ಯಜಮಾನರು ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಅತ್ತೆ ಹೊಸ್ತಿಲಿಗೆ ಬಂದರು.

"ಕೊಡಂಗಿಲ್ಲಪ್ಪ," ಎಂದರು. "ಅದು ನನ್ನ ಮಗಂದಲ್ಲ, ಸೊಸೇದು. ಅವಳನ್ನ ಕೇಳ್ದಂಗೆ ಮಾತಾಡಿದ್ದೇ ತಪ್ಪು."

ಯಜಮಾನರು ಮೊಬೈಲ್ ಹಿಡಿದು ಹಿತ್ತಿಲಿಗೆ ಹೋದರು. ಅಂಗಡಿಯವರಿಗೆ ಏನು ಸಬೂಬು ಹೇಳಿದರೋ, ನಾನು ಕೇಳಲು ಹೋಗಲಿಲ್ಲ.