ಹನ್ನೊಂದು ಗಂಟೆಯ ಖಾಲಿ ಜಾಗ

ಇದು ನಡೆದು ಐದು ವರ್ಷವಾಗಿದೆ, ಆರೂ ಆಗಿರಬಹುದು. ಕೆಲವು ವಿವರಗಳನ್ನು ನಾನು ತಪ್ಪಾಗಿ ನೆನಪಿಟ್ಟುಕೊಂಡಿರಬಹುದು. ಆ ದಿನದ ಡೈರಿ ತೆಗೆದು ನೋಡಿದರೆ ಎರಡೇ ಪದ ಇವೆ: ‘ನಂಜನಗೂಡು. ಆಗಲಿಲ್ಲ.’ ಉಳಿದದ್ದೆಲ್ಲ ನೆನಪಿನಿಂದ ಬರೆಯುತ್ತಿದ್ದೇನೆ.

ಮೈಸೂರಿನಲ್ಲಿ ಬಿ.ಫಾರ್ಮಾ ಮುಗಿಸಿದ ಮೇಲೆ ಟಿ. ನರಸೀಪುರದಲ್ಲಿ ಚಿಕ್ಕಪ್ಪನ ಮೆಡಿಕಲ್ ಸ್ಟೋರಿನಲ್ಲಿ ನಿಂತಿದ್ದೆ. ನಿಂತಿದ್ದೆ ಎಂದರೆ ನಿಜವಾಗಿಯೂ ನಿಂತೇ ಇದ್ದೆ, ಬೆಳಗ್ಗೆ ಒಂಬತ್ತರಿಂದ ಅಂಗಡಿ ಮುಚ್ಚುವವರೆಗೆ. ಚಿಕ್ಕಪ್ಪ ಫಾರ್ಮಸಿ ಓದಿದವರಲ್ಲ. ಲೈಸೆನ್ಸ್ ನಡೆಯುತ್ತಿದ್ದದ್ದು ಗೋಡೆಯ ಮೇಲೆ ಫ್ರೇಮು ಹಾಕಿಸಿದ್ದ ನನ್ನ ಸರ್ಟಿಫಿಕೇಟಿನ ಮೇಲೆ. ಮೂರನೆಯ ವರ್ಷದ ಹೊತ್ತಿಗೆ ಕಾಲಿನ ಜೊತೆ ಮನಸ್ಸೂ ಬಾತುಕೊಂಡಿತ್ತು. ನಂಜನಗೂಡಿನ ಒಂದು ಔಷಧ ಕಾರ್ಖಾನೆಯಲ್ಲಿ ಗುಣಮಟ್ಟ ವಿಭಾಗಕ್ಕೆ ಜನ ಬೇಕಾಗಿದ್ದಾರೆ ಎಂದು ಗೊತ್ತಾದಾಗ ಚಿಕ್ಕಪ್ಪನಿಗೆ ಹೇಳಿದೆ.

“ಓಗ್ ಬಾ ಮಗ, ಬ್ಯಾಡ ಅನ್ನಕಿಲ್ಲ,” ಎಂದರು. ಆಮೇಲೆ, “ನೀನೋದ್ರೆ ನಾನ್ ಅಂಗ್ಡಿ ಬಾಗ್ಲಾಕ್ಕಂಡು ಮನೇಲ್ ಮಲೀಕತೀನಿ, ಅಷ್ಟೇಯ,” ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಕಾರ್ಖಾನೆಯ ಬೆಂಚಿನ ಮೇಲೆ ನನ್ನ ಪಕ್ಕ ತಾಂಡವಪುರದ ಒಬ್ಬ ಹುಡುಗ ಕೂತಿದ್ದ. ಅದು ಅವನ ನಾಲ್ಕನೆಯ ಇಂಟರ್‌ವ್ಯೂ. “ಪ್ರೊಡಕ್ಷನ್ನು, ಪ್ಯಾಕಿಂಗು, ಲ್ಯಾಬು, ಎಲ್ಲಾ ಕಡೆ ಎಕ್ಸ್‌ಪೀರಿಯನ್ಸ್ ಕೇಳ್ತಾರೆ ಕಣಕ್ಕ. ಯಾರೂ ಕೆಲ್ಸ ಕೊಡ್ದೆ ಎಕ್ಸ್‌ಪೀರಿಯನ್ಸ್ ಏನ್ ಸಂತೇಲ್ ಸಿಕ್ಕದಾ? ನಿಮ್ದಾದ್ರೆ ಮೂರ್ ವರ್ಷ ಅಯ್ತೆ. ನಿಮ್ಗೇ ಆಗೋದು, ಬುಡಿ,” ಎಂದ. ನಾನೂ ಹಾಗೇ ಅಂದುಕೊಂಡಿದ್ದೆ.

ಒಳಗೆ ಒಬ್ಬರು ಮೇಡಂ ಇದ್ದರು. ನನಗಿಂತ ಹೆಚ್ಚು ದಣಿದಂತೆ ಕಾಣುತ್ತಿದ್ದರು. ಕೇಳಿದ್ದಕ್ಕೆಲ್ಲ ಸರಿಯಾಗಿ ಉತ್ತರಿಸಿದೆ ಎಂದೇ ನೆನಪು. ಕೊನೆಗೆ ಒಂದು ಚೀಟಿ ಮತ್ತು ಒಂದು ಖಾಲಿ ಫಾರಂ ಕೊಟ್ಟರು. ಚೀಟಿಯಲ್ಲಿ ಔಷಧ ಇಡುವ ಕೋಣೆಯ ಉಷ್ಣಾಂಶವನ್ನು ಗಂಟೆಗೊಮ್ಮೆ ನೋಡಿ ಬರೆದಿದ್ದರು. ಅದನ್ನು ಫಾರಂಗೆ ಇಳಿಸಬೇಕು, ಅಷ್ಟೇ. ಐದು ನಿಮಿಷದಲ್ಲಿ ಮುಗಿಸಿ, ಸಹಿ ಮಾಡಿ ಕೊಟ್ಟೆ.

ಅವರು ಬೆರಳಿಟ್ಟು ಕೇಳಿದರು: “ಈ ಹನ್ನೊಂದು ಗಂಟೆದು ಎಲ್ಲಿಂದ ಬಂತಮ್ಮ?”

ಚೀಟಿ ನೋಡಿದೆ. ಹತ್ತು ಗಂಟೆಯ ಎದುರು ಇಪ್ಪತ್ತೆರಡು, ಹನ್ನೆರಡರ ಎದುರು ಇಪ್ಪತ್ತನಾಲ್ಕು. ಹನ್ನೊಂದರ ಎದುರು ಏನೂ ಇರಲಿಲ್ಲ. ಫಾರಂನಲ್ಲಿ ನಾನು ಇಪ್ಪತ್ತಮೂರು ಎಂದು ಬರೆದಿದ್ದೆ. ಬರೆಯುವಾಗ ಕೈ ಒಂದು ಕ್ಷಣವೂ ತಡೆದಿರಲಿಲ್ಲ.

“ಹಿಂದೆ ಮುಂದೆ ನೋಡಿ ಬರೆದೆ ಮೇಡಂ.”

“ಆ ಹೊತ್ತಲ್ಲಿ ಯಾರೂ ನೋಡಿಲ್ಲ ಅಂದ್ರೆ, ನೋಡಿಲ್ಲ ಅಂತಾನೇ ಬರೀಬೇಕು. ಅಂಗಡೀಲೂ ಹೀಗೇ ಬರೀತೀರಾ?”

ಹೌದು ಎಂದೆ. ಸುಳ್ಳು ಹೇಳಲು ಶಕ್ತಿ ಇರಲಿಲ್ಲವೋ, ಪ್ರಾಮಾಣಿಕತೆಯೋ, ಇವತ್ತಿಗೂ ತಿಳಿಯದು. ದಿನವೂ ನೋಡಿ ಬರೆಯಬೇಕಾದ ನಮ್ಮ ಫ್ರಿಡ್ಜಿನ ಉಷ್ಣಾಂಶದ ಪುಸ್ತಕವನ್ನು ನಾನು ತಿಂಗಳಿಗೊಮ್ಮೆ, ಚಹಾ ಕುಡಿಯುತ್ತಾ, ಒಂದೇ ಸಲ ಕೂತು ತುಂಬುತ್ತಿದ್ದೆ. ನಾಲ್ಕು, ಐದು, ನಾಲ್ಕು, ಆರು. ಒಂದೇ ಪೆನ್ನಿನಲ್ಲಿ ಬರೆದಂತೆ ಕಾಣಬಾರದೆಂದು ನಡುವೆ ಪೆನ್ನು ಬದಲಿಸುವುದನ್ನು ಚಿಕ್ಕಪ್ಪ ಹೇಳಿಕೊಟ್ಟಿದ್ದರು.

“ಗೊತ್ತಿಲ್ಲದೋರಿಗೆ ಕಲಿಸಬಹುದು. ಕೈಗೆ ಅಂಟಿಕೊಂಡಿರೋದನ್ನ ಬಿಡಿಸೋ ಅಷ್ಟು ಟೈಮ್ ನಮಗಿಲ್ಲಮ್ಮ,” ಎಂದರು ಮೇಡಂ. ಗದರಲಿಲ್ಲ. ಗದರಿದ್ದರೆ ಬೇಜಾರು ಮಾಡಿಕೊಂಡು ಮರೆತುಬಿಡುತ್ತಿದ್ದೆನೇನೋ.

ಹೊರಗೆ ಬಂದಾಗ ತಾಂಡವಪುರದ ಹುಡುಗ ಹೆಬ್ಬೆರಳೆತ್ತಿ “ಏನಾಯ್ತಕ್ಕ?” ಎಂದು ಸನ್ನೆ ಮಾಡಿದ. ಇಲ್ಲವೆಂದು ತಲೆಯಾಡಿಸಿ ಬಂದುಬಿಟ್ಟೆ.

ಎರಡು ವರ್ಷದ ನಂತರ ಬೇರೆ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿತು, ಗುಣಮಟ್ಟ ವಿಭಾಗದಲ್ಲೇ. ದಿನವಿಡೀ ಬೇರೆಯವರು ಬರೆದ ಹಾಳೆಗಳನ್ನು ನೋಡುತ್ತೇನೆ. ಖಾಲಿ ಜಾಗ ಬಿಟ್ಟವರ ಮೇಲೆ ನನಗೆ ಸಿಟ್ಟು ಬರುವುದಿಲ್ಲ. ಎಲ್ಲವೂ ನೀಟಾಗಿ ತುಂಬಿದ್ದರೆ ಭಯವಾಗುತ್ತದೆ. ಚಿಕ್ಕಪ್ಪನ ಅಂಗಡಿಯೂ ಮುಚ್ಚಲಿಲ್ಲ. ಗೋಡೆಯ ಮೇಲೆ ಈಗ ಬೇರೆ ಯಾರದೋ ಸರ್ಟಿಫಿಕೇಟ್ ಇದೆ.

ಆದರೆ ನನಗೆ ಉಳಿದಿರುವುದು ಆ ದಿನ ಕೆಲಸ ತಪ್ಪಿದ ಬೇಸರವಲ್ಲ. ನಂಜನಗೂಡಿನಿಂದ ಬಸ್ಸಿನಲ್ಲಿ ನಿಂತು ಬರುವಾಗ, ಹಿಂದೊಮ್ಮೆ ನಮ್ಮ ಅಂಗಡಿ ಬೀದಿಯ ಟ್ರಾನ್ಸ್‌ಫಾರ್ಮರ್ ಸುಟ್ಟು ಎರಡು ದಿನ ಕರೆಂಟ್ ಇಲ್ಲದಿದ್ದದ್ದು ಥಟ್ಟನೆ ನೆನಪಾಯಿತು. ಪುಸ್ತಕದಲ್ಲಿ ಆ ಎರಡು ದಿನಕ್ಕೂ ನಾನು ನಾಲ್ಕು, ಐದು ಎಂದೇ ಬರೆದಿದ್ದೆ. ಫ್ರಿಡ್ಜಿನೊಳಗೆ, ತಂಪು ತಪ್ಪಿದರೆ ಕೆಡುವ ಇನ್ಸುಲಿನ್ ಇತ್ತು. ಆಮೇಲೆ ಅದೇನಾಯಿತು ಎಂಬುದು ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ.

ಬಸ್ಸಿಳಿದವಳು ನೇರ ಅಂಗಡಿಗೆ ಹೋದೆ. ಆಗಲಿಲ್ಲ ಎಂದು ತಿಳಿದು ಚಿಕ್ಕಪ್ಪ, “ಓಗ್ಲಿ ಬುಡು ಮಗ, ಕೂತ್ಕೊ, ಟೀ ತರುಸ್ತೀನಿ,” ಎಂದರು. ನಾನು ಕೂರಲಿಲ್ಲ. ಆವತ್ತು ಕೇಳಿದ್ದನ್ನೇ ಆಮೇಲೆ ಎರಡು ಸಲ ಕೇಳಿದ್ದೇನೆ. ಪ್ರತಿ ಸಲವೂ ಅವರು ಬೇರೆ ಕಡೆ ತಿರುಗಿ ಏನಾದರೂ ಕೆಲಸ ಹುಡುಕಿಕೊಳ್ಳುತ್ತಾರೆ.

“ಚಿಕ್ಕಪ್ಪ, ಕರೆಂಟ್ ಹೋದಾಗ ಫ್ರಿಡ್ಜಲ್ಲಿದ್ದ ಇನ್ಸುಲಿನ್ ಎಸೆದ್ವಾ, ಇಲ್ಲ ಯಾರಿಗಾದ್ರೂ ಕೊಟ್ವಾ?”